ಎಐಎಕ್ಸ್ ಎಲ್‌ಪಾರ್‌ನಲ್ಲಿ ಡಿಸ್ಕ್ ಕಾಣಿಸದಿದ್ದಾಗ: ವಿಐಒಎಸ್‌ನಿಂದ ಎಚ್‌ಡಿಸ್ಕ್‌ವರೆಗೆ ಹಂತ ಹಂತವಾಗಿ ಹುಡುಕುವುದು ಹೇಗೆ

ಸ್ಟೋರೇಜ್ ತಂಡದವರು ‘ಲನ್ ಕೊಟ್ಟಾಯ್ತು’ ಅನ್ನುತ್ತಾರೆ (ಲನ್ ಅಂದರೆ ಸ್ಟೋರೇಜ್‌ನಿಂದ ಸರ್ವರ್‌ಗೆ ಕೊಡುವ ಡಿಸ್ಕ್). ಅದನ್ನು ಸರ್ವರ್‌ಗಳಿಗೆ ಹಂಚುವ ವಿಐಒಎಸ್ ನೋಡಿಕೊಳ್ಳುವವರು ‘ಮ್ಯಾಪ್ ಮಾಡಿದ್ದೀವಿ’ ಅನ್ನುತ್ತಾರೆ. ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ಗೆ ಲಾಗಿನ್ ಆಗಿ, ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿವಿ ಹೊಡೆದರೆ ಹೊಸ ಡಿಸ್ಕ್ ಇಲ್ಲ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರಿಗೆ ದಾರಿಯ ಒಂದೊಂದು ತುಂಡು ಮಾತ್ರ ಕಾಣಿಸುತ್ತಿದೆ, ಅಷ್ಟೇ. ಇಡೀ ದಾರಿಯನ್ನು ಒಬ್ಬರು ಕೂತು ಓದುವವರೆಗೂ ಸಮಸ್ಯೆ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುತ್ತದೆ.

ಈ ಬರಹ ಪವರ್ ಸರ್ವರ್‌ಗಳ ಮೇಲಿನ ಎಐಎಕ್ಸ್ ಬಗ್ಗೆ. ಅಂದರೆ ಒಂದು ಯಂತ್ರವನ್ನು ಹಲವು ಸರ್ವರ್‌ಗಳಾಗಿ ಹಂಚುವ ಪವರ್‌ವಿಎಂ, ಅದರ ವರ್ಚುವಲ್ ಐ/ಒ ಸರ್ವರ್ (ವಿಐಒಎಸ್), ಅದರ ಕೆಳಗೆ ಓಡುವ ಕ್ಲೈಂಟ್ ಎಲ್‌ಪಾರ್‌ಗಳು (ಹಾಗೆ ಹಂಚಿದ ಪಾರ್ಟಿಶನ್‌ಗಳು). 2004ರಲ್ಲಿ ಪವರ್5 ಜೊತೆ ಬಂದ ಈ ವಿಐಒಎಸ್ ವ್ಯವಸ್ಥೆಯ ಮೂಲ ರಚನೆ ಇವತ್ತಿಗೂ ಹಾಗೇ ಇದೆ. ಹಾಗಾಗಿ ಇಲ್ಲಿ ಹೇಳುವುದು ಹಳೆಯ ಸರ್ವರ್‌ಗೂ ಹೊಸದಕ್ಕೂ ಹೊಂದುತ್ತದೆ.

ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಸಣ್ಣ ಅಕ್ಷರ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಒಂದು ಮಾತು ಮೊದಲೇ ತಲೆಯಲ್ಲಿಡಿ: ಎಚ್‌ಡಿಸ್ಕ್ ನಂಬರ್ ಡಿಸ್ಕಿನ ಗುರುತಲ್ಲ. ಅದು ಆ ಸರ್ವರ್, ಆ ಹೊತ್ತಿಗೆ, ಸಿಕ್ಕಿದ ಕ್ರಮದಲ್ಲಿ ಇಟ್ಟ ಹೆಸರು. ಒಂದೇ ಲನ್ ಮೊದಲ ವಿಐಒಎಸ್‌ನಲ್ಲಿ ಎಚ್‌ಡಿಸ್ಕ್5, ಎರಡನೆಯದರಲ್ಲಿ ಎಚ್‌ಡಿಸ್ಕ್9, ಕ್ಲೈಂಟ್‌ನಲ್ಲಿ ಎಚ್‌ಡಿಸ್ಕ್2 ಆಗಿರಬಹುದು. ನಂಬರ್ ನೋಡಿ ಡಿಸ್ಕ್ ತೆಗೆದವರು ಬೇರೆಯವರ ಡೇಟಾ ತೆಗೆದಿರುವ ಸಾಧ್ಯತೆ ಸಾಕಷ್ಟಿದೆ. ಕೆಳಗಿನ ಹಂತಗಳೆಲ್ಲ ಸರಿಯಾದ ಗುರುತನ್ನು ಓದುವುದರ ಸುತ್ತಲೇ ಇವೆ.

ಮೊದಲು ದಾರಿ ಯಾವುದು ಅಂತ ನೋಡಿ

ಕ್ಲೈಂಟ್‌ಗೆ ಡಿಸ್ಕ್ ಮುಖ್ಯವಾಗಿ ಎರಡು ರೀತಿ ಬರುತ್ತದೆ.

ಒಂದು, ವರ್ಚುವಲ್ ಸ್ಕಸಿ. ಇಲ್ಲಿ ಲನ್‌ನ ಮಾಲೀಕ ವಿಐಒಎಸ್. ಅದು ತನ್ನ ಎಚ್‌ಡಿಸ್ಕನ್ನು ವಿಹೋಸ್ಟ್ ಎಂಬ ಸರ್ವರ್ ಅಡಾಪ್ಟರ್‌ಗೆ ಕಟ್ಟುತ್ತದೆ. ಆ ಕಟ್ಟಿಗೆ ವಿಟಿಡಿ, ಅಂದರೆ ವರ್ಚುವಲ್ ಟಾರ್ಗೆಟ್ ಡಿವೈಸ್ ಎಂದು ಹೆಸರು. ವಿಹೋಸ್ಟ್‌ನ ಆ ಕಡೆ ಕ್ಲೈಂಟ್‌ನ ವಿಸ್ಕಸಿ ಅಡಾಪ್ಟರ್ ಇರುತ್ತದೆ. ಅದರ ಕೆಳಗೆ ಕ್ಲೈಂಟ್‌ನ ಎಚ್‌ಡಿಸ್ಕ್ ಹುಟ್ಟುತ್ತದೆ.

ಎರಡು, ಎನ್‌ಪಿಐವಿ. ಇಲ್ಲಿ ವಿಐಒಎಸ್ ಬರೀ ದಾರಿ ಬಿಡುತ್ತದೆ. ಕ್ಲೈಂಟ್‌ಗೇ ಸ್ವಂತ ಡಬ್ಲ್ಯುಡಬ್ಲ್ಯುಪಿಎನ್ (ಫೈಬರ್ ಚಾನೆಲ್ ಜಾಲದಲ್ಲಿನ ವಿಳಾಸ) ಇರುತ್ತದೆ. ಲನ್ ನೇರವಾಗಿ ಕ್ಲೈಂಟ್‌ಗೇ ಕಾಣಿಸುತ್ತದೆ. ವಿಐಒಎಸ್‌ನಲ್ಲಿ ಆ ಲನ್‌ಗೆ ಎಚ್‌ಡಿಸ್ಕ್ ಇರುವುದೇ ಇಲ್ಲ.

ನಿಮ್ಮದು ಯಾವುದು ಅಂತ ತಿಳಿಯಲು ಕ್ಲೈಂಟ್‌ನಲ್ಲಿ ಹೀಗೆ ಹೊಡೆಯಿರಿ:

ಎಲ್‌ಎಸ್‌ಡೆವ್ -ಸಿಸಿ ಅಡಾಪ್ಟರ್

(ಮೊದಲ ಸಿ ದೊಡ್ಡದು, ಎರಡನೆಯದು ಸಣ್ಣದು.) ವಿಸ್ಕಸಿ0, ವಿಸ್ಕಸಿ1 ಕಂಡರೆ ವರ್ಚುವಲ್ ಸ್ಕಸಿ. ‘ವರ್ಚುವಲ್ ಫೈಬರ್ ಚಾನೆಲ್ ಕ್ಲೈಂಟ್ ಅಡಾಪ್ಟರ್’ ಎಂಬ ವಿವರಣೆಯೊಂದಿಗೆ ಎಫ್‌ಸಿಎಸ್0 ಕಂಡರೆ ಎನ್‌ಪಿಐವಿ. ರೂಟ್‌ವಿಜಿ (ಎಐಎಕ್ಸ್ ಇರುವ ಡಿಸ್ಕ್ ಗುಂಪು) ವಿಸ್ಕಸಿಯಲ್ಲಿ, ಡೇಟಾ ಎನ್‌ಪಿಐವಿಯಲ್ಲಿ, ಹೀಗೆ ಎರಡೂ ಇರುವ ಸರ್ವರ್‌ಗಳು ತುಂಬಾ ಸಾಮಾನ್ಯ.

ಕೈ ಹಾಕುವ ಮುಂಚೆ ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕ್ಲೈಂಟ್‌ನಲ್ಲಿ ಎಲ್‌ಎಸ್‌ಪಿವಿ, ಎಲ್‌ಎಸ್‌ಪಾತ್, ಎಲ್‌ಎಸ್‌ವಿಜಿ -ಒ, ಎಲ್‌ಎಸ್‌ಸಿಎಫ್‌ಜಿ -ವಿಪಿ, ಇಆರ್‌ಆರ್‌ಪಿಟಿ (ದೋಷಗಳ ದಾಖಲೆ), ಇಷ್ಟರ ಔಟ್‌ಪುಟ್ ಒಂದು ಫೈಲ್‌ಗೆ ಹಾಕಿ. ವಿಐಒಎಸ್‌ನಲ್ಲಿ ಪ್ಯಾಡ್ಮಿನ್ (ಅದರ ಅಡ್ಮಿನ್ ಖಾತೆ) ಆಗಿ ಎಲ್‌ಎಸ್‌ಮ್ಯಾಪ್ -ಆಲ್ ಮತ್ತು ಎಲ್‌ಎಸ್‌ಮ್ಯಾಪ್ -ಆಲ್ -ಎನ್‌ಪಿಐವಿ ಎರಡನ್ನೂ ಉಳಿಸಿ. ಜೊತೆಗೆ ವಿಐಒಎಸ್‌ಬಿಆರ್ -ಬ್ಯಾಕಪ್ -ಫೈಲ್ ಎಂದು ಹೆಸರು ಕೊಟ್ಟು ಮ್ಯಾಪಿಂಗ್‌ಗಳ ಬ್ಯಾಕಪ್ ತೆಗೆಯಿರಿ. ಎರಡು ವಿಐಒಎಸ್ ಇದ್ದರೆ ಎರಡರಲ್ಲೂ.

ಈ ಫೈಲ್ ಇದ್ದರೆ ‘ನಿನ್ನೆ ಹೇಗಿತ್ತು’ ಎಂಬ ಪ್ರಶ್ನೆಗೆ ಉತ್ತರ ಇರುತ್ತದೆ. ಇಲ್ಲದಿದ್ದರೆ ನೆನಪಿನ ಮೇಲೆ ಕೆಲಸ ಮಾಡಬೇಕಾಗುತ್ತದೆ, ಡಿಸ್ಕ್ ವಿಷಯದಲ್ಲಿ ಅದು ಸಾಲದು.

ಹಂತ 1: ಕ್ಲೈಂಟ್ ಏನು ಹೇಳುತ್ತಿದೆ?

ಸಿಎಫ್‌ಜಿಎಂಜಿಆರ್ ಒಮ್ಮೆ ಓಡಿಸಿ. ಎಲ್ಲ ಡಿವೈಸ್ ಹುಡುಕುವುದು ಬೇಡ ಅಂದರೆ ಒಂದೇ ಅಡಾಪ್ಟರ್ ಸಾಕು: ಸಿಎಫ್‌ಜಿಎಂಜಿಆರ್ -ಎಲ್ ವಿಸ್ಕಸಿ0. ಹಾಳಾದ ದಾರಿಗಳು ಜಾಸ್ತಿ ಇರುವ ಸರ್ವರ್‌ನಲ್ಲಿ ಪೂರ್ತಿ ಸಿಎಫ್‌ಜಿಎಂಜಿಆರ್ ಬಹಳ ಹೊತ್ತು ಹಿಡಿಯುತ್ತದೆ. ಅದು ನಿಂತಂತೆ ಕಂಡರೆ ಕೊಲ್ಲಬೇಡಿ, ಮುಗಿಯಲು ಬಿಡಿ. 0514-621 ಎಂಬ ಎಚ್ಚರಿಕೆ ಬಂದರೆ ಆ ಡಿವೈಸ್‌ಗೆ ಬೇಕಾದ ಪ್ಯಾಕೇಜ್ ಇನ್‌ಸ್ಟಾಲ್ ಆಗಿಲ್ಲ ಎಂದರ್ಥ. ಯಾವ ಪ್ಯಾಕೇಜ್ ಅನ್ನುವುದನ್ನು ಅದೇ ಹೇಳುತ್ತದೆ.

ಆಮೇಲೆ ಎಲ್‌ಎಸ್‌ಡೆವ್ -ಸಿಸಿ ಡಿಸ್ಕ್ ಹೊಡೆದು ಎರಡನೇ ಕಾಲಂ ನೋಡಿ.

‘ಅವೈಲಬಲ್’ ಅಂದರೆ ಡಿವೈಸ್ ಸಿದ್ಧ. ‘ಡಿಫೈನ್ಡ್’ ಅಂದರೆ ಒಡಿಎಂನಲ್ಲಿ (ಎಐಎಕ್ಸ್‌ನ ಡಿವೈಸ್ ದಾಖಲೆಯಲ್ಲಿ) ಹೆಸರಿದೆ, ಆದರೆ ಈಗ ಡಿಸ್ಕ್ ಸಿಗುತ್ತಿಲ್ಲ. ಹೆಸರೇ ಇಲ್ಲ ಅಂದರೆ ಈ ಸರ್ವರ್ ಅದನ್ನು ಇನ್ನೂ ನೋಡಿಯೇ ಇಲ್ಲ. ಈ ಮೂರೂ ಬೇರೆ ಬೇರೆ ಕಡೆಗೆ ಕರೆದೊಯ್ಯುತ್ತವೆ. ಡಿಫೈನ್ಡ್ ಇದ್ದರೆ ಮುಂಚೆ ಇದ್ದ ದಾರಿ ಕಡಿದಿದೆ. ಹೆಸರೇ ಇಲ್ಲದಿದ್ದರೆ ದಾರಿ ಇನ್ನೂ ಪೂರ್ತಿಯಾಗಿಲ್ಲ.

ಡಿಸ್ಕ್ ಅಲ್ಲದೆ ವಿಸ್ಕಸಿ ಅಡಾಪ್ಟರ್ ಕೂಡ ಡಿಫೈನ್ಡ್ ಆಗಿದ್ದರೆ ಡಿಸ್ಕ್ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ. ಎದುರಿನ ವಿಐಒಎಸ್ ಎದ್ದಿದೆಯೇ, ಅದರಲ್ಲಿ ಜೋಡಿ ವಿಹೋಸ್ಟ್ ಇದೆಯೇ ಎನ್ನುವುದು ಮೊದಲ ಪ್ರಶ್ನೆ.

ಹಂತ 2: ಲೊಕೇಶನ್ ಕೋಡ್ ಓದಿ ಎರಡೂ ಕಡೆ ಹೊಂದಿಸಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದು. ಇದನ್ನು ಸರಿಯಾಗಿ ಮಾಡಿದರೆ ಅರ್ಧಕ್ಕರ್ಧ ಸಮಸ್ಯೆ ಇಲ್ಲೇ ಸಿಕ್ಕಿಬೀಳುತ್ತದೆ.

ಕ್ಲೈಂಟ್‌ನಲ್ಲಿ ಎಲ್‌ಎಸ್‌ಸಿಎಫ್‌ಜಿ -ವಿಪಿಎಲ್ ಎಚ್‌ಡಿಸ್ಕ್2 ಎಂದು ಹೊಡೆದರೆ ಒಂದು ಉದ್ದನೆಯ ಕೋಡ್ ಬರುತ್ತದೆ. ಮೊದಲ ಭಾಗ ಯಂತ್ರದ ಮಾದರಿ ಮತ್ತು ಸೀರಿಯಲ್ ನಂಬರ್. ನಮಗೆ ಬೇಕಾದದ್ದು ಅದರ ಬಾಲ:

-ವಿ5-ಸಿ2-ಟಿ1-ಎಲ್8100000000000000

ವಿ5 ಅಂದರೆ ಈ ಎಲ್‌ಪಾರ್‌ನ ಐಡಿ 5. ಸಿ2 ಅಂದರೆ ಕ್ಲೈಂಟ್ ಅಡಾಪ್ಟರ್ ಇರುವ ವರ್ಚುವಲ್ ಸ್ಲಾಟ್ 2. ಎಲ್ ನಂತರದ್ದು ಆ ಅಡಾಪ್ಟರ್ ಮೇಲೆ ಈ ಡಿಸ್ಕಿನ ಲನ್ ವಿಳಾಸ. ಒಂದು ವಿಹೋಸ್ಟ್ ಮೇಲೆ ಮೊದಲು ಮ್ಯಾಪ್ ಮಾಡಿದ ಡಿಸ್ಕ್‌ಗೆ ಸಾಮಾನ್ಯವಾಗಿ 81, ಎರಡನೆಯದಕ್ಕೆ 82, ಹೀಗೆ ಹೋಗುತ್ತದೆ.

ಈಗ ವಿಐಒಎಸ್‌ಗೆ ಬನ್ನಿ. ಎಲ್‌ಎಸ್‌ಮ್ಯಾಪ್ -ಆಲ್ ಔಟ್‌ಪುಟ್‌ನಲ್ಲಿ ಪ್ರತಿ ವಿಹೋಸ್ಟ್‌ಗೂ ಒಂದು ತಲೆಸಾಲು ಇರುತ್ತದೆ: ವಿಹೋಸ್ಟ್0, ಅದರ ಭೌತಿಕ ವಿಳಾಸ -ವಿ1-ಸಿ11, ಮತ್ತು ಕ್ಲೈಂಟ್ ಪಾರ್ಟಿಶನ್ ಐಡಿ 0ಎಕ್ಸ್00000005. ಅದರ ಕೆಳಗೆ ವಿಟಿಡಿ ಹೆಸರು, ಸ್ಟೇಟಸ್, ಲನ್ 0ಎಕ್ಸ್8100000000000000, ಬ್ಯಾಕಿಂಗ್ ಡಿವೈಸ್ ಎಚ್‌ಡಿಸ್ಕ್5.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಲೈಂಟ್ ಐಡಿ 5 ಹೊಂದಿತು. ಲನ್ 81 ಹೊಂದಿತು. ಅಲ್ಲಿಗೆ ಕ್ಲೈಂಟ್‌ನ ಎಚ್‌ಡಿಸ್ಕ್2, ವಿಐಒಎಸ್‌ನ ಎಚ್‌ಡಿಸ್ಕ್5 ಎಂದು ಗೊತ್ತಾಯಿತು. ಆದರೆ ಅದೇ ಕ್ಲೈಂಟ್‌ಗೆ ಒಂದಕ್ಕಿಂತ ಜಾಸ್ತಿ ವಿಹೋಸ್ಟ್ ಇದ್ದರೆ ಎಲ್ಲದರಲ್ಲೂ ಒಂದೊಂದು 81 ಇರುತ್ತದೆ. ಆಗ ಸ್ಲಾಟ್ ಜೋಡಿಯನ್ನೂ ನೋಡಲೇಬೇಕು. ಕ್ಲೈಂಟ್‌ನಲ್ಲಿ ರೂಟ್ ಆಗಿ, ಎಕೋ ಮೂಲಕ ‘ಸಿವಿಎಐ’ ಎಂಬ ಪದವನ್ನು ಕೆಡಿಬಿಗೆ ಪೈಪ್ ಮಾಡಿದರೆ ಪ್ರತಿ ವಿಸ್ಕಸಿಯ ಎದುರು ಯಾವ ವಿಐಒಎಸ್‌ನ ಯಾವ ವಿಹೋಸ್ಟ್ ಇದೆ ಅಂತ ನೇರವಾಗಿ ತೋರಿಸುತ್ತದೆ. ಎನ್‌ಪಿಐವಿಗಾದರೆ ಅದೇ ಜಾಗದಲ್ಲಿ ‘ವಿಎಫ್‌ಸಿಎಸ್’. ಕೆಡಿಬಿ ಕರ್ನಲ್ ಡೀಬಗರ್. ಈ ಎರಡು ಪದ ಬಿಟ್ಟು ಓಡುತ್ತಿರುವ ಸರ್ವರ್‌ನಲ್ಲಿ ಸುಮ್ನೆ ಬೇರೇನೂ ಪ್ರಯತ್ನಿಸಬೇಡಿ.

ಎಲ್‌ಎಸ್‌ಮ್ಯಾಪ್ ಓದುವಾಗ ಎರಡು ಕಡೆ ಎಡವುವವರು ಜಾಸ್ತಿ.

ಕ್ಲೈಂಟ್ ಪಾರ್ಟಿಶನ್ ಐಡಿ ಹೆಕ್ಸಾಡೆಸಿಮಲ್‌ನಲ್ಲಿರುತ್ತದೆ. 0ಎಕ್ಸ್00000010 ಅಂದರೆ ಎಲ್‌ಪಾರ್ 10 ಅಲ್ಲ, 16. ಎಲ್‌ಪಾರ್ 10 ಬೇಕಿದ್ದರೆ ಕೊನೆಯಲ್ಲಿ ‘ಎ’ ಇರುವ ಸಾಲು ಹುಡುಕಬೇಕು. 9ರವರೆಗೆ ಎರಡೂ ಒಂದೇ ಥರ ಇರುವುದರಿಂದ ಚಿಕ್ಕ ಯಂತ್ರದಲ್ಲಿ ಕಲಿತವರಿಗೆ ಈ ವ್ಯತ್ಯಾಸ ಗೊತ್ತೇ ಆಗಿರುವುದಿಲ್ಲ.

ಐಡಿ ಪೂರ್ತಿ ಸೊನ್ನೆ, ಅಂದರೆ 0ಎಕ್ಸ್00000000 ಇದ್ದರೆ ಆ ವಿಹೋಸ್ಟ್‌ಗೆ ಈಗ ಯಾವ ಕ್ಲೈಂಟೂ ಸೇರಿಲ್ಲ. ಕ್ಲೈಂಟ್ ಆಫ್ ಆಗಿರಬಹುದು, ಅಥವಾ ಸ್ಲಾಟ್ ಜೋಡಿ ತಪ್ಪಿರಬಹುದು. ಹಾಗಂತ ‘ಇದು ಯಾರಿಗೂ ಬೇಡವಾದ ವಿಹೋಸ್ಟ್’ ಎಂದು ಅಳಿಸಬೇಡಿ. ಮೆಂಟೆನೆನ್ಸ್‌ಗೆ ಇಳಿಸಿದ ಎಲ್‌ಪಾರ್‌ನದ್ದೂ ಹೀಗೇ ಕಾಣುತ್ತದೆ.

ಸ್ಲಾಟ್ ಜೋಡಿ ಎಚ್‌ಎಂಸಿಯಲ್ಲಿ (ಈ ಸರ್ವರ್‌ಗಳನ್ನು ನಿರ್ವಹಿಸುವ ಕನ್ಸೋಲ್‌ನಲ್ಲಿ) ನೋಡಬೇಕು. ಎಲ್‌ಎಸ್‌ಎಚ್‌ಡಬ್ಲ್ಯುಆರ್‌ಇಎಸ್ -ಆರ್ ವರ್ಚುವಲ್‌ಐಒ --ಆರ್‌ಸಬ್‌ಟೈಪ್ ಸ್ಕಸಿ ಎಂದು ಕೊಟ್ಟು, -ಎಂ ಮುಂದೆ ಯಂತ್ರದ ಹೆಸರು, ಕೊನೆಗೆ --ಲೆವೆಲ್ ಎಲ್‌ಪಾರ್ ಹಾಕಿದರೆ ಪ್ರತಿ ಅಡಾಪ್ಟರ್‌ನ ಸ್ಲಾಟ್ ಮತ್ತು ಅದರ ಎದುರು ಸ್ಲಾಟ್ ಎರಡೂ ಬರುತ್ತವೆ. ಕ್ಲೈಂಟ್ 5ರ ಸ್ಲಾಟ್ 2, ವಿಐಒಎಸ್ 1ರ ಸ್ಲಾಟ್ 11 ಅನ್ನು ತೋರಿಸಬೇಕು. ವಿಐಒಎಸ್‌ನ ಸ್ಲಾಟ್ 11 ತಿರುಗಿ ಕ್ಲೈಂಟ್ 5ರ ಸ್ಲಾಟ್ 2 ಅನ್ನೇ ತೋರಿಸಬೇಕು. ಒಂದು ಕಡೆ ಸರಿ, ಇನ್ನೊಂದು ಕಡೆ ಹಳೆಯ ನಂಬರ್ ಉಳಿದಿದ್ದರೆ ಸಂಪರ್ಕ ಆಗುವುದೇ ಇಲ್ಲ. ಸರ್ವರ್ ಅಡಾಪ್ಟರನ್ನು ‘ಯಾವ ಪಾರ್ಟಿಶನ್ ಬೇಕಾದರೂ’ ಎಂದು ಬಿಟ್ಟಿದ್ದರೆ ಅದನ್ನು ಬದಲಿಸಿ. ಆ ಆಯ್ಕೆ ಇನ್‌ಸ್ಟಾಲ್ ಸಮಯಕ್ಕೆ ಅನುಕೂಲ ಅನಿಸಬಹುದು, ಆದರೆ ತಪ್ಪು ಎಲ್‌ಪಾರ್ ಬಂದು ಆ ಡಿಸ್ಕ್‌ಗೆ ಸೇರಿಕೊಳ್ಳುವುದನ್ನು ತಡೆಯುವವರು ಯಾರೂ ಇರುವುದಿಲ್ಲ.

ಹಂತ 3: ವಿಐಒಎಸ್‌ಗೇ ಡಿಸ್ಕ್ ಕಾಣಿಸುತ್ತಿದೆಯಾ?

ಮ್ಯಾಪಿಂಗೇ ಇಲ್ಲ ಅಂದರೆ ಹಿಂದಕ್ಕೆ ಹೋಗಿ. ಪ್ಯಾಡ್ಮಿನ್ ಆಗಿ ಸಿಎಫ್‌ಜಿಡೆವ್ ಓಡಿಸಿ, ಎಲ್‌ಎಸ್‌ಡೆವ್ -ಟೈಪ್ ಡಿಸ್ಕ್ ನೋಡಿ. ಹೊಸ ಲನ್ ಬಂದಿಲ್ಲದಿದ್ದರೆ ಝೋನಿಂಗ್ (ಯಾವ ಪೋರ್ಟ್ ಯಾವುದನ್ನು ನೋಡಬಹುದು ಎಂದು ಸ್ವಿಚ್‌ನಲ್ಲಿ ಇಡುವ ನಿಯಮ) ಅಥವಾ ಸ್ಟೋರೇಜ್ ಮ್ಯಾಪಿಂಗ್ ಕಡೆ ಸಮಸ್ಯೆ. ಅಲ್ಲಿಂದ ಮುಂದೆ ಸ್ಟೋರೇಜ್ ತಂಡದವರ ಕೆಲಸ.

ಬಂದಿದ್ದರೆ, ಅದು ನೀವು ಕೇಳಿದ ಲನ್ ಹೌದಾ ಅಂತ ಖಚಿತಪಡಿಸಿಕೊಳ್ಳಿ. ಗಾತ್ರ ನೋಡಿ ಊಹಿಸಬೇಡಿ. ಒಂದೇ ಗಾತ್ರದ ಹತ್ತಾರು ಲನ್ ಇರುವುದು ಮಾಮೂಲು. ಸಿಎಚ್‌ಕೆಡೆವ್ -ಡೆವ್ ಎಚ್‌ಡಿಸ್ಕ್5 -ವರ್ಬೋಸ್ ಎಂದು ಕೊಟ್ಟರೆ ಯುಡಿಐಡಿ, ಅಂದರೆ ಡಿಸ್ಕಿನ ನಿಜವಾದ ಗುರುತು, ಬರುತ್ತದೆ. ಆ ಉದ್ದನೆಯ ಸಾಲಿನೊಳಗೆ ಸ್ಟೋರೇಜ್‌ನ ವಾಲ್ಯೂಮ್ ಸೀರಿಯಲ್ ಸೇರಿಕೊಂಡಿರುತ್ತದೆ. ಸ್ಟೋರೇಜ್ ತಂಡದವರು ಕೊಟ್ಟ ಸೀರಿಯಲ್ ಜೊತೆ ಅಕ್ಷರ ಅಕ್ಷರ ಹೋಲಿಸಿ. ಎರಡನೇ ವಿಐಒಎಸ್‌ನಲ್ಲೂ ಇದೇ ಯುಡಿಐಡಿ ಇರುವ ಎಚ್‌ಡಿಸ್ಕ್ ಯಾವುದು ಅಂತ ಹುಡುಕಿ. ಎರಡೂ ಕಡೆಯಿಂದ ಕ್ಲೈಂಟ್‌ಗೆ ಮ್ಯಾಪ್ ಮಾಡಬೇಕಾದ ಜೋಡಿ ಅದೇ.

ಎಲ್‌ಎಸ್‌ಪಿವಿ -ಫ್ರೀ ಎಂಬ ಕಮಾಂಡ್ ಇಲ್ಲಿ ದಾರಿ ತಪ್ಪಿಸಬಹುದು. ಯಾವ ಡಿಸ್ಕ್ ಖಾಲಿ ಇದೆ ಅಂತ ಅದು ಹೇಳುತ್ತದೆ ನಿಜ, ಆದರೆ ಈ ವಿಐಒಎಸ್ ಮಟ್ಟಿಗೆ ಮಾತ್ರ. ಪಕ್ಕದ ವಿಐಒಎಸ್ ಅದೇ ಲನ್ ಅನ್ನು ಇನ್ನೊಂದು ಎಲ್‌ಪಾರ್‌ಗೆ ಕೊಟ್ಟಿದ್ದರೂ ಇದಕ್ಕೆ ಗೊತ್ತಾಗುವುದಿಲ್ಲ. ‘ಫ್ರೀ’ ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಡಿಸ್ಕ್ ಮ್ಯಾಪ್ ಮಾಡಿದರೆ ಎರಡು ಎಲ್‌ಪಾರ್ ಒಂದೇ ಡಿಸ್ಕ್ ಮೇಲೆ ಬರೆಯುವ ಪರಿಸ್ಥಿತಿ ಬರುತ್ತದೆ. ಎರಡೂ ವಿಐಒಎಸ್‌ನ ಎಲ್‌ಎಸ್‌ಮ್ಯಾಪ್ ನೋಡಿದ ಮೇಲೆಯೇ ಡಿಸ್ಕ್ ಖಾಲಿ ಎಂದು ಒಪ್ಪಿಕೊಳ್ಳಿ.

ಎಲ್ಲ ಸರಿ ಇದ್ದರೆ ಮ್ಯಾಪ್ ಮಾಡುವುದು ಒಂದೇ ಸಾಲು:

ಎಂಕೆವಿಡೆವ್ -ವಿಡೆವ್ ಎಚ್‌ಡಿಸ್ಕ್5 -ವಿಅಡಾಪ್ಟರ್ ವಿಹೋಸ್ಟ್0 -ಡೆವ್ ಹೆಸರು

ಕೊನೆಯ ‘ಹೆಸರು’ ಜಾಗದಲ್ಲಿ ಎಲ್‌ಪಾರ್ ಮತ್ತು ಬಳಕೆ ಎರಡೂ ತಿಳಿಯುವ ಹಾಗೆ ಏನಾದರೂ ಇಡಿ. ಹೆಸರು ಕೊಡದಿದ್ದರೆ ವಿಟಿಸ್ಕಸಿ0, ವಿಟಿಸ್ಕಸಿ1 ಎಂದು ತಾನೇ ಇಟ್ಟುಕೊಳ್ಳುತ್ತದೆ. ವರ್ಷ ಕಳೆದ ಮೇಲೆ ಅದು ಯಾರದ್ದು ಅಂತ ಯಾರಿಗೂ ಹೇಳಲಾಗುವುದಿಲ್ಲ.

ಆದರೆ ಈ ಸಾಲು ಹೊಡೆಯುವ ಮುಂಚೆ ಮುಂದಿನ ಹಂತ ಓದಿ.

ಹಂತ 4: ರಿಸರ್ವೇಶನ್

ಎರಡು ವಿಐಒಎಸ್ ಇರುವ ಕಡೆ ‘ಒಂದು ದಾರಿ ಮಾತ್ರ ಬರುತ್ತಿದೆ’ ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಇದನ್ನೇ. ಡಿಸ್ಕಿನ ರಿಸರ್ವ್_ಪಾಲಿಸಿ ಸಿಂಗಲ್_ಪಾತ್ ಆಗಿದ್ದರೆ ಮೊದಲು ತೆರೆದ ವಿಐಒಎಸ್ ಆ ಲನ್ ಅನ್ನು ತನಗೇ ಕಾದಿರಿಸಿಕೊಳ್ಳುತ್ತದೆ. ಎರಡನೆಯದು ಮ್ಯಾಪ್ ಮಾಡಲು ಹೋದರೆ ಆಗುವುದಿಲ್ಲ, ಅಥವಾ ಮ್ಯಾಪ್ ಆದರೂ ಆ ದಾರಿಯಲ್ಲಿ ಡೇಟಾ ಹೋಗುವುದಿಲ್ಲ.

ಎರಡೂ ವಿಐಒಎಸ್‌ನಲ್ಲಿ ನೋಡಿ:

ಎಲ್‌ಎಸ್‌ಡೆವ್ -ಡೆವ್ ಎಚ್‌ಡಿಸ್ಕ್5 -ಆಟ್ರ್ ರಿಸರ್ವ್_ಪಾಲಿಸಿ

ನೋ_ರಿಸರ್ವ್ ಅಲ್ಲದಿದ್ದರೆ ಮ್ಯಾಪ್ ಮಾಡುವ ಮುಂಚೆಯೇ ಬದಲಿಸಿ:

ಸಿಎಚ್‌ಡೆವ್ -ಡೆವ್ ಎಚ್‌ಡಿಸ್ಕ್5 -ಆಟ್ರ್ ರಿಸರ್ವ್_ಪಾಲಿಸಿ=ನೋ_ರಿಸರ್ವ್

ಡಿಸ್ಕ್ ಆಗಲೇ ಬಳಕೆಯಲ್ಲಿದ್ದರೆ 0514-062, ಅಂದರೆ ಡಿವೈಸ್ ‘ಬ್ಯುಸಿ’ ಎಂಬ ಉತ್ತರ ಬರುತ್ತದೆ. ಆಗ ಬಹಳ ಜನ -ಪರ್ಮ್ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಅದು ಒಡಿಎಂನಲ್ಲಿ ಮಾತ್ರ ಬರೆಯುತ್ತದೆ. ವಿಐಒಎಸ್ ರೀಬೂಟ್ ಆಗುವವರೆಗೆ ಡಿಸ್ಕಿನ ನಿಜವಾದ ನಡವಳಿಕೆ ಬದಲಾಗಿರುವುದಿಲ್ಲ, ಆದರೆ ಎಲ್‌ಎಸ್‌ಡೆವ್ ಕೇಳಿದರೆ ನೋ_ರಿಸರ್ವ್ ಅಂತಲೇ ತೋರಿಸುತ್ತದೆ. ನಿಜ ಸ್ಥಿತಿ ಬೇಕಿದ್ದರೆ ಒಇಎಂ_ಸೆಟಪ್_ಎನ್ವ್ ಮೂಲಕ ರೂಟ್ ಶೆಲ್‌ಗೆ ಹೋಗಿ ಡೆವ್‌ಆರ್‌ಎಸ್‌ಆರ್‌ವಿ -ಸಿ ಕ್ವೆರಿ -ಎಲ್ ಎಚ್‌ಡಿಸ್ಕ್5 ಹೊಡೆಯಿರಿ. ಒಡಿಎಂನಲ್ಲಿರುವ ಪಾಲಿಸಿ ಮತ್ತು ಡಿಸ್ಕ್ ಮೇಲಿರುವ ರಿಸರ್ವೇಶನ್ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ.

ಅದೇ ಕಮಾಂಡ್‌ನಿಂದ ರಿಸರ್ವೇಶನ್ ಕಿತ್ತುಹಾಕಲೂ ಬರುತ್ತದೆ. ಆ ಡಿಸ್ಕನ್ನು ಬೇರೆ ಯಾವ ಸರ್ವರೂ ಬಳಸುತ್ತಿಲ್ಲ ಎಂದು ಪೂರ್ತಿ ಖಾತ್ರಿಯಾಗದೆ ಅದನ್ನು ಮುಟ್ಟಬೇಡಿ. ರಿಸರ್ವೇಶನ್ ಇರುವುದೇ ಡೇಟಾ ಕಾಯಲು, ಅಲ್ವಾ?

ಹಂತ 5: ದಾರಿಗಳ ಆರೋಗ್ಯ

ಕ್ಲೈಂಟ್‌ನಲ್ಲಿ ಎಲ್‌ಎಸ್‌ಪಾತ್ ಹೊಡೆದರೆ ಪ್ರತಿ ಡಿಸ್ಕ್‌ಗೂ ಎರಡು ಸಾಲು ಬರಬೇಕು: ವಿಸ್ಕಸಿ0 ಮೂಲಕ ಒಂದು, ವಿಸ್ಕಸಿ1 ಮೂಲಕ ಒಂದು, ಎರಡೂ ‘ಎನೇಬಲ್ಡ್’. ‘ಫೇಲ್ಡ್’ ಅಂದರೆ ದಾರಿ ಇತ್ತು, ಐ/ಒ ವಿಫಲವಾಯಿತು. ‘ಮಿಸಿಂಗ್’ ಅಂದರೆ ಕಳೆದ ಸಲ ಹುಡುಕಿದಾಗ ಆ ದಾರಿ ಸಿಗಲಿಲ್ಲ.

ವಿಐಒಎಸ್ ರೀಬೂಟ್ ಮಾಡಿ ಅದು ವಾಪಸ್ ಬಂದ ಮೇಲೂ ಕ್ಲೈಂಟ್‌ನಲ್ಲಿ ದಾರಿ ಫೇಲ್ಡ್ ಆಗಿಯೇ ಉಳಿದಿದೆಯಾ? ಎಲ್‌ಎಸ್‌ಆಟ್ರ್ -ಇಎಲ್ ಎಚ್‌ಡಿಸ್ಕ್2 (ಇ ದೊಡ್ಡದು) ಹೊಡೆದು ಎಚ್‌ಚೆಕ್_ಇಂಟರ್ವಲ್ ನೋಡಿ. ಅದು 0 ಆಗಿದ್ದರೆ ಸತ್ತ ದಾರಿಯನ್ನು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ. ಸಿಎಫ್‌ಜಿಎಂಜಿಆರ್ ಓಡಿಸುವವರೆಗೆ, ಅಥವಾ ಸಿಎಚ್‌ಪಾತ್‌ನಿಂದ ಕೈಯಾರೆ ಎನೇಬಲ್ ಮಾಡುವವರೆಗೆ ಅದು ಹಾಗೇ ಇರುತ್ತದೆ. ಇದನ್ನು ಗಮನಿಸದೆ ವಾರ ಬಿಟ್ಟು ಎರಡನೇ ವಿಐಒಎಸ್ ಅನ್ನೂ ರೀಬೂಟ್ ಮಾಡಿದರೆ ಉಳಿದಿದ್ದ ಒಂದೇ ದಾರಿಯೂ ಹೋಗಿ ಇಡೀ ಎಲ್‌ಪಾರ್ ನಿಂತುಬಿಡುತ್ತದೆ.

ವಿಸ್ಕಸಿ ಡಿಸ್ಕ್‌ಗಳಿಗೆ ಎಚ್‌ಚೆಕ್_ಇಂಟರ್ವಲ್ 60, ಎಚ್‌ಚೆಕ್_ಮೋಡ್ ನಾನ್‌ಆಕ್ಟಿವ್ ಇಡಿ. ವಿಸ್ಕಸಿ ಅಡಾಪ್ಟರ್‌ಗಳಲ್ಲಿ ವಿಸ್ಕಸಿ_ಪಾತ್_ಟಿಒ 30, ವಿಸ್ಕಸಿ_ಎರ್_ರಿಕವ್ ಫಾಸ್ಟ್_ಫೇಲ್ ಇಡಿ. ಬಳಕೆಯಲ್ಲಿರುವ ಡಿಸ್ಕ್‌ಗೆ ಸಿಎಚ್‌ಡೆವ್ ಜೊತೆ ದೊಡ್ಡ ಪಿ ಹಾಕಿದರೆ ಒಡಿಎಂನಲ್ಲಿ ಕೂರುತ್ತದೆ, ಮುಂದಿನ ರೀಬೂಟ್‌ಗೆ ಜಾರಿಯಾಗುತ್ತದೆ.

ಇನ್ನು ಮುಂದೆ ಎಂದೂ ಬರದ ಮಿಸಿಂಗ್ ದಾರಿಗಳನ್ನು ಆರ್‌ಎಂಪಾತ್ -ಡಿಎಲ್ ಎಚ್‌ಡಿಸ್ಕ್2 -ಪಿ ವಿಸ್ಕಸಿ1 ಎಂದು ತೆಗೆದುಹಾಕಿ. ಅಳಿಸುವ ಮುಂಚೆ ಉಳಿದ ದಾರಿ ಎನೇಬಲ್ಡ್ ಇದೆ ಅಂತ ಇನ್ನೊಮ್ಮೆ ನೋಡಿ.

ಹಂತ 6: ಎನ್‌ಪಿಐವಿ ಆಗಿದ್ದರೆ

ವಿಐಒಎಸ್‌ನಲ್ಲಿ ಎಲ್‌ಎಸ್‌ಮ್ಯಾಪ್ -ಆಲ್ -ಎನ್‌ಪಿಐವಿ ನೋಡಿ. ಸ್ಟೇಟಸ್ ‘ಲಾಗ್ಡ್_ಇನ್’ ಇರಬೇಕು. ಇಲ್ಲದಿದ್ದರೆ ಆ ವಿಎಫ್‌ಸಿಹೋಸ್ಟ್‌ನ (ಎನ್‌ಪಿಐವಿಯ ಸರ್ವರ್ ಅಡಾಪ್ಟರ್) ಎದುರು ಎಫ್‌ಸಿ ಪೋರ್ಟ್ ಹೆಸರು ಇದೆಯೇ ನೋಡಿ. ಖಾಲಿ ಇದ್ದರೆ ವಿಎಫ್‌ಸಿಮ್ಯಾಪ್ ಮಾಡಿಲ್ಲ. ಪೋರ್ಟ್ ಇದ್ದರೆ ಎಲ್‌ಎಸ್‌ಎನ್‌ಪೋರ್ಟ್ಸ್ ಹೊಡೆಯಿರಿ. ‘ಫ್ಯಾಬ್ರಿಕ್’ ಕಾಲಂ 1 ಇರಬೇಕು. 0 ಇದ್ದರೆ ಸ್ವಿಚ್ ಪೋರ್ಟ್‌ನಲ್ಲಿ ಎನ್‌ಪಿಐವಿ ಆನ್ ಆಗಿಲ್ಲ, ಅಥವಾ ಕೇಬಲ್ ಸರಿಯಿಲ್ಲ.

ಕ್ಲೈಂಟ್‌ನ ಪ್ರತಿ ವರ್ಚುವಲ್ ಎಫ್‌ಸಿ ಅಡಾಪ್ಟರ್‌ಗೂ ಎರಡು ಡಬ್ಲ್ಯುಡಬ್ಲ್ಯುಪಿಎನ್ ಇರುತ್ತವೆ. ಮಾಮೂಲಿಯಾಗಿ ಒಂದೇ ಕೆಲಸ ಮಾಡುತ್ತದೆ, ಎರಡನೆಯದು ಲೈವ್ ಮೈಗ್ರೇಶನ್ ಸಮಯಕ್ಕೆ ಬೇಕು. ಝೋನಿಂಗ್‌ನಲ್ಲೂ ಸ್ಟೋರೇಜ್‌ನಲ್ಲೂ ಎರಡನ್ನೂ ಸೇರಿಸಿ. ಒಂದನ್ನೇ ಸೇರಿಸಿದ್ದರೆ ದಿನನಿತ್ಯ ಎಲ್ಲ ಸರಿಯಾಗೇ ಇರುತ್ತದೆ, ಮೈಗ್ರೇಶನ್ ದಿನ ಕೈಕೊಡುತ್ತದೆ.

ಡಬ್ಲ್ಯುಡಬ್ಲ್ಯುಪಿಎನ್ ವಿಷಯದಲ್ಲಿ ಇನ್ನೂ ಒಂದು ಇದೆ, ಇದಕ್ಕೆ ಬಲಿಯಾದ ಸರ್ವರ್‌ಗಳು ಕಡಿಮೆಯೇನಲ್ಲ. ಓಡುತ್ತಿರುವ ಎಲ್‌ಪಾರ್‌ಗೆ ಡಿಎಲ್‌ಪಾರ್ (ಎಲ್‌ಪಾರ್ ನಿಲ್ಲಿಸದೆ ಮಾಡುವ ಬದಲಾವಣೆ) ಮೂಲಕ ಅಡಾಪ್ಟರ್ ಸೇರಿಸುತ್ತೀರಿ. ಆಮೇಲೆ ಎಲ್‌ಪಾರ್ ಇಳಿಸಿ ಎಬ್ಬಿಸಿದರೂ ಉಳಿಯಲಿ ಅಂತ ಪ್ರೊಫೈಲ್‌ನಲ್ಲೂ ಅದೇ ಸ್ಲಾಟ್ ನಂಬರ್ ಹಾಕಿ ಇನ್ನೊಂದು ಅಡಾಪ್ಟರ್ ಸೇರಿಸುತ್ತೀರಿ. ನೋಡಲು ಎರಡೂ ಒಂದೇ. ಆದರೆ ಎಚ್‌ಎಂಸಿ ಎರಡನೆಯದಕ್ಕೆ ಹೊಸ ಜೋಡಿ ಡಬ್ಲ್ಯುಡಬ್ಲ್ಯುಪಿಎನ್ ಹುಟ್ಟಿಸಿರುತ್ತದೆ. ಎಲ್‌ಪಾರ್ ಆಫ್ ಮಾಡಿ ಪ್ರೊಫೈಲ್‌ನಿಂದ ಎಬ್ಬಿಸಿದ ದಿನ ಝೋನಿಂಗ್‌ಗೆ ಆ ಹೊಸ ವಿಳಾಸ ಗೊತ್ತಿರುವುದಿಲ್ಲ. ಒಂದು ಡಿಸ್ಕೂ ಬರುವುದಿಲ್ಲ. ಡಿಎಲ್‌ಪಾರ್ ಆದ ಕೂಡಲೇ ‘ಸೇವ್ ಕರೆಂಟ್ ಕಾನ್ಫಿಗರೇಶನ್’ ಮಾಡಿ ಪ್ರೊಫೈಲ್ ಮೇಲೆ ಬರೆಯುವುದೇ ಸರಿಯಾದ ದಾರಿ. ಇದೇ ಕಾರಣಕ್ಕೆ ಅಡಾಪ್ಟರನ್ನು ‘ಅಳಿಸಿ ಮತ್ತೆ ಮಾಡೋಣ’ ಎಂಬ ಯೋಚನೆಯೂ ಬೇಡ. ಅಳಿಸಿದ ಜೋಡಿ ತಾನಾಗಿ ವಾಪಸ್ ಬರುವುದಿಲ್ಲ.

ಲನ್ ಬಂದಿದೆ, ಆದರೆ ಎಲ್‌ಎಸ್‌ಡೆವ್‌ನಲ್ಲಿ ‘ಎಂಪಿಐಒ ಅದರ್ ಎಫ್‌ಸಿ ಸ್ಕಸಿ ಡಿಸ್ಕ್ ಡ್ರೈವ್’ ಎಂದು ತೋರಿಸುತ್ತಿದೆಯಾ? ಆ ಸ್ಟೋರೇಜ್‌ನ ಒಡಿಎಂ ಪ್ಯಾಕೇಜ್ ಕ್ಲೈಂಟ್‌ನಲ್ಲಿಲ್ಲ. ಡಿಸ್ಕ್ ಮೇಲೆ ಡೇಟಾ ಹಾಕುವ ಮುಂಚೆಯೇ ಅದನ್ನು ಇನ್‌ಸ್ಟಾಲ್ ಮಾಡಿ, ಡಿಸ್ಕ್‌ಗಳನ್ನು ಆರ್‌ಎಂಡೆವ್ ಮಾಡಿ, ಮತ್ತೆ ಹುಡುಕಿಸಿ.

ಹಂತ 7: ಪಿವಿಐಡಿ ‘ನನ್’ ಅಂದರೆ ಖಾಲಿ ಅಂತಲ್ಲ

ಎಲ್‌ಎಸ್‌ಪಿವಿಯಲ್ಲಿ ಎರಡನೇ ಕಾಲಂ (ಪಿವಿಐಡಿ, ಅಂದರೆ ಎಐಎಕ್ಸ್ ಡಿಸ್ಕ್ ಮೇಲೆ ಬರೆಯುವ ಗುರುತು) ‘ನನ್’, ಅಂದರೆ ಏನೂ ಇಲ್ಲ, ಮೂರನೇ ಕಾಲಂ (ವಾಲ್ಯೂಮ್ ಗ್ರೂಪ್ ಹೆಸರು) ಕೂಡ ‘ನನ್’ ಇದ್ದರೆ ಹೊಸ ಡಿಸ್ಕ್ ಅನಿಸುತ್ತದೆ. ಹಾಗೆ ಅಂದುಕೊಳ್ಳಬೇಡಿ. ಒರಾಕಲ್ ಡೇಟಾಬೇಸ್‌ನ ಎಎಸ್‌ಎಂಗೆ ಕೊಟ್ಟ ಡಿಸ್ಕ್‌ಗಳೂ ಹೀಗೇ ಕಾಣುತ್ತವೆ, ಯಾಕೆಂದರೆ ಅವು ಎಲ್‌ವಿಎಂ (ಎಐಎಕ್ಸ್‌ನ ವಾಲ್ಯೂಮ್ ನಿರ್ವಹಣೆ) ಕೆಳಗೆ ಇರುವುದೇ ಇಲ್ಲ. ಅಂಥ ಡಿಸ್ಕ್ ಮೇಲೆ ಸಿಎಚ್‌ಡೆವ್ -ಎ ಪಿವಿ=ಯೆಸ್ ಹೊಡೆದರೆ ಡಿಸ್ಕಿನ ಆರಂಭದಲ್ಲಿ ಪಿವಿಐಡಿ ಬರೆದುಬಿಡುತ್ತದೆ. ಡೇಟಾಬೇಸ್‌ನ ಹೆಡರ್ ಇರುವುದೂ ಅಲ್ಲೇ. ಡಿಬಿಎ ಬಳಿ ಕೇಳಿ, ಯುಡಿಐಡಿ ಕೊಟ್ಟು ಖಾತ್ರಿ ಮಾಡಿಕೊಂಡೇ ಮುಂದುವರಿಯಿರಿ.

ವಾಲ್ಯೂಮ್ ಗ್ರೂಪ್ ಇದ್ದ ಡಿಸ್ಕ್ ಹೌದಾ ಅಂತ ತಿಳಿಯಲು ಎಲ್‌ಕ್ವೆರಿವಿಜಿ -ಎಟಿಪಿ ಎಚ್‌ಡಿಸ್ಕ್7 (ಎ ದೊಡ್ಡದು) ಹೊಡೆಯಿರಿ. ಅದು ಒಡಿಎಂ ಕೇಳುವುದಿಲ್ಲ, ಡಿಸ್ಕಿನ ಮೇಲಿರುವ ವಿಜಿಡಿಎಯನ್ನೇ (ವಾಲ್ಯೂಮ್ ಗ್ರೂಪಿನ ವಿವರ ಇರುವ ಜಾಗ) ಓದುತ್ತದೆ. ಲಾಜಿಕಲ್ ವಾಲ್ಯೂಮ್ ಹೆಸರುಗಳು ಬಂದರೆ ಅದು ಖಾಲಿ ಡಿಸ್ಕ್ ಅಲ್ಲ. ಇಂಪೋರ್ಟ್‌ವಿಜಿ ಮಾಡಬೇಕಾದ ಡಿಸ್ಕ್.

ಸ್ಟೋರೇಜ್‌ನಲ್ಲಿ ಕ್ಲೋನ್ ಮಾಡಿದ ಲನ್ ಅದೇ ಎಲ್‌ಪಾರ್‌ಗೆ ಬಂದರೆ ಎರಡು ಡಿಸ್ಕ್‌ಗೆ ಒಂದೇ ಪಿವಿಐಡಿ ಆಗುತ್ತದೆ. ಅಲ್ಲಿ ಇಂಪೋರ್ಟ್‌ವಿಜಿ ಬೇಡ. ರೀಕ್ರಿಯೇಟ್‌ವಿಜಿ ಇರುವುದೇ ಇದಕ್ಕೆ. ಅದು ಪಿವಿಐಡಿ, ವಿಜಿ ಗುರುತು, ಎಲ್‌ವಿ ಹೆಸರು ಎಲ್ಲವನ್ನೂ ಹೊಸದಾಗಿ ಇಡುತ್ತದೆ. ಯಾವುದು ಮೂಲ, ಯಾವುದು ಪ್ರತಿ ಎನ್ನುವುದನ್ನು ಯುಡಿಐಡಿಯಿಂದಲೇ ತೀರ್ಮಾನಿಸಿ.

ಹಂತ 8: ಡಿಸ್ಕ್ ತೆಗೆಯುವಾಗ ಕ್ರಮ ತಪ್ಪಿಸಬೇಡಿ

ಕೊಡುವಾಗ ಸ್ಟೋರೇಜ್‌ನಿಂದ ಕ್ಲೈಂಟ್ ಕಡೆಗೆ ಬಂದೆವು. ತೆಗೆಯುವಾಗ ಕ್ಲೈಂಟ್‌ನಿಂದ ಸ್ಟೋರೇಜ್ ಕಡೆಗೆ ಹೋಗಬೇಕು. ಫೈಲ್‌ಸಿಸ್ಟಂ ಅನ್‌ಮೌಂಟ್, ವೇರಿಆಫ್‌ವಿಜಿ, ಎಕ್ಸ್‌ಪೋರ್ಟ್‌ವಿಜಿ, ಕ್ಲೈಂಟ್‌ನಲ್ಲಿ ಆರ್‌ಎಂಡೆವ್ -ಡಿಎಲ್. ಆಮೇಲೆ ಎರಡೂ ವಿಐಒಎಸ್‌ನಲ್ಲಿ ಆರ್‌ಎಂವಿಡೆವ್ -ವಿಟಿಡಿ, ನಂತರ ವಿಐಒಎಸ್‌ನ ಎಚ್‌ಡಿಸ್ಕ್ ಆರ್‌ಎಂಡೆವ್. ಕೊನೆಗೆ ಸ್ಟೋರೇಜ್ ತಂಡಕ್ಕೆ ಯುಡಿಐಡಿ ಕೊಟ್ಟು ‘ಈಗ ತೆಗೆಯಿರಿ’ ಅನ್ನಿ. ಮೊದಲೇ ಸ್ಟೋರೇಜ್ ಕಡೆ ಕಿತ್ತರೆ ಕ್ಲೈಂಟ್‌ನಲ್ಲಿ ಐ/ಒ ಸಿಕ್ಕಿಹಾಕಿಕೊಳ್ಳುತ್ತದೆ, ಇಆರ್‌ಆರ್‌ಪಿಟಿ ತುಂಬುತ್ತದೆ, ವಿಐಒಎಸ್‌ನಲ್ಲಿ ಅನಾಥ ಮ್ಯಾಪಿಂಗ್ ಉಳಿಯುತ್ತದೆ. ಆಮೇಲೆ ಅದೇ ಲನ್ ನಂಬರ್‌ಗೆ ಬೇರೆ ವಾಲ್ಯೂಮ್ ಕೊಟ್ಟರೆ ಗೊಂದಲ ಇನ್ನೂ ದೊಡ್ಡದಾಗುತ್ತದೆ.

ಗಾತ್ರ ಹೆಚ್ಚಿಸಿದಾಗ

ಇದು ಸುಲಭ. ಸ್ಟೋರೇಜ್‌ನಲ್ಲಿ ಲನ್ ದೊಡ್ಡದು ಮಾಡಿದ ಮೇಲೆ ವಿಐಒಎಸ್‌ನ ರೂಟ್ ಶೆಲ್‌ನಲ್ಲಿ ಬೂಟ್‌ಇನ್ಫೊ -ಎಸ್ ಎಚ್‌ಡಿಸ್ಕ್5 ಹೊಡೆದು ಹೊಸ ಗಾತ್ರ ಬಂತಾ ನೋಡಿ. ಲೆಕ್ಕ ಎಂಬಿಯಲ್ಲಿರುತ್ತದೆ. ಕ್ಲೈಂಟ್‌ನಲ್ಲೂ ನೋಡಿ. ಆಮೇಲೆ ಸಿಎಚ್‌ವಿಜಿ -ಜಿ ಮತ್ತು ವಿಜಿ ಹೆಸರು. ಹಳೆಯ ಮಾದರಿಯ ವಿಜಿಯಲ್ಲಿ ಒಂದು ಡಿಸ್ಕ್‌ಗೆ 1016 ಫಿಸಿಕಲ್ ಪಾರ್ಟಿಶನ್ ಎಂಬ ಮಿತಿ ಇದೆ. ಅದಕ್ಕೆ ತಾಗಿದರೆ ಸಿಎಚ್‌ವಿಜಿ -ಟಿ ಬಳಸಿ ಮಿತಿ ಏರಿಸಬೇಕು.

ಕ್ಯೂ ಡೆಪ್ತ್ ಲೆಕ್ಕ

ಡಿಸ್ಕ್ ಕಾಣುತ್ತದೆ, ಆದರೆ ನಿಧಾನ ಅನ್ನುವ ದೂರು ಬಂದಾಗ ಎಲ್ಲರೂ ಕ್ಯೂ_ಡೆಪ್ತ್ (ಒಂದು ಡಿಸ್ಕ್‌ಗೆ ಒಟ್ಟಿಗೆ ಕಳಿಸಬಹುದಾದ ಕಮಾಂಡ್‌ಗಳ ಸಂಖ್ಯೆ) ಏರಿಸಲು ಹೋಗುತ್ತಾರೆ. ವಿಸ್ಕಸಿ ಡಿಸ್ಕ್‌ಗೆ ಇದು ಸಾಮಾನ್ಯವಾಗಿ 3 ಇರುತ್ತದೆ, ಅದು ನಿಜಕ್ಕೂ ಕಡಿಮೆ. ಆದರೆ ಏರಿಸುವ ಮುಂಚೆ ಲೆಕ್ಕ ಹಾಕಿ. ಒಂದು ವಿಸ್ಕಸಿ ಅಡಾಪ್ಟರ್‌ಗೆ 512 ಕಮಾಂಡ್ ಜಾಗ. 2 ಅಡಾಪ್ಟರ್‌ಗೇ ಬೇಕು, ಉಳಿದದ್ದು 510. ಪ್ರತಿ ಡಿಸ್ಕ್‌ಗೂ ಕ್ಯೂ_ಡೆಪ್ತ್ ಜೊತೆ ಇನ್ನೂ 3 ಮೀಸಲು. ಅಂದರೆ ಕ್ಯೂ 3 ಇದ್ದರೆ 510 ಭಾಗಿಸು 6, ಒಟ್ಟು 85 ಡಿಸ್ಕ್ ಹಿಡಿಯುತ್ತದೆ. ಕ್ಯೂ 20 ಮಾಡಿದರೆ 22 ಡಿಸ್ಕ್. 32 ಮಾಡಿದರೆ 14 ಮಾತ್ರ.

ಈ ಮಿತಿ ಮೀರಿದರೆ ಕೊನೆಯಲ್ಲಿ ಸೇರಿಸಿದ ಡಿಸ್ಕ್‌ಗಳು ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಮ್ಯಾಪಿಂಗ್ ಎಲ್ಲ ಸರಿ ಇದ್ದೂ ಹೊಸ ಡಿಸ್ಕ್ ಮಾತ್ರ ಹಠ ಮಾಡುತ್ತಿದ್ದರೆ ಈ ಲೆಕ್ಕವನ್ನೂ ಒಮ್ಮೆ ಹಾಕಿ. ಬೇಕಿದ್ದರೆ ಇನ್ನೊಂದು ವಿಸ್ಕಸಿ ಜೋಡಿ ಸೇರಿಸಿ. ಕ್ಲೈಂಟ್‌ನ ಕ್ಯೂ_ಡೆಪ್ತ್ ವಿಐಒಎಸ್‌ನ ಅದೇ ಡಿಸ್ಕಿನ ಕ್ಯೂ_ಡೆಪ್ತ್‌ಗಿಂತ ಜಾಸ್ತಿ ಇಟ್ಟು ಲಾಭವಿಲ್ಲ.

ಇಳಿಸಿ ಎಬ್ಬಿಸಿದ ಮೇಲೆ ಡಿಸ್ಕ್ ಮಾಯವಾದರೆ

ಎನ್‌ಪಿಐವಿಗೆ ಹೇಳಿದ ಪ್ರೊಫೈಲ್ ಮಾತು ವಿಸ್ಕಸಿಗೂ ಅನ್ವಯಿಸುತ್ತದೆ. ಡಿಎಲ್‌ಪಾರ್‌ನಿಂದ ಸೇರಿಸಿದ ಅಡಾಪ್ಟರ್ ಪ್ರೊಫೈಲ್‌ನಲ್ಲಿಲ್ಲದಿದ್ದರೆ, ಎಲ್‌ಪಾರ್ ಇಳಿಸಿ ಪ್ರೊಫೈಲ್‌ನಿಂದ ಎಬ್ಬಿಸಿದಾಗ ಅದು ಇರುವುದಿಲ್ಲ. ಎಐಎಕ್ಸ್ ಒಳಗಿನಿಂದ ಬರೀ ರೀಬೂಟ್ ಮಾಡಿದರೆ ಉಳಿಯುತ್ತದೆ. ಈ ವ್ಯತ್ಯಾಸದಿಂದಾಗಿ ತಪ್ಪು ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ವಿಐಒಎಸ್ ಪ್ರೊಫೈಲನ್ನೂ ಇದೇ ಕಣ್ಣಿನಿಂದ ನೋಡಿ.

ಡಿಎಲ್‌ಪಾರ್ ಕೆಲಸವೇ ಮಾಡದಿದ್ದರೆ ಎಚ್‌ಎಂಸಿ ಮತ್ತು ಎಲ್‌ಪಾರ್ ನಡುವಿನ ಆರ್‌ಎಂಸಿ ಸಂಪರ್ಕ ನೋಡಿ. ಎಚ್‌ಎಂಸಿಯಲ್ಲಿ ಎಲ್‌ಎಸ್‌ಪಾರ್ಟಿಶನ್ -ಡಿಎಲ್‌ಪಾರ್ ಹೊಡೆಯಿರಿ. ಫೈರ್‌ವಾಲ್‌ನಲ್ಲಿ ಪೋರ್ಟ್ 657 ತೆರೆದಿರಬೇಕು.

ಕೊನೆಯ ಪರೀಕ್ಷೆ

ಎಲ್ಲ ಸರಿಪಡಿಸಿದ ಮೇಲೆ ಬೂಟ್‌ಲಿಸ್ಟ್ -ಎಂ ನಾರ್ಮಲ್ -ಒ ನೋಡಿ. ರೂಟ್‌ವಿಜಿ ಡಿಸ್ಕ್ ಎರಡೂ ದಾರಿಯಿಂದ ಪಟ್ಟಿಯಲ್ಲಿರಬೇಕು. ಇಲ್ಲದಿದ್ದರೆ ಪಾತ್‌ಐಡಿ=0,1 ಎಂದು ಸೇರಿಸಿ ಮತ್ತೆ ಇಡಿ. ಆಮೇಲೆ ಒಪ್ಪಿಗೆ ಪಡೆದ ಸಮಯದಲ್ಲಿ ಮೊದಲ ವಿಐಒಎಸ್ ಇಳಿಸಿ. ಕ್ಲೈಂಟ್‌ನಲ್ಲಿ ಅರ್ಧ ದಾರಿಗಳು ಫೇಲ್ಡ್ ಆಗಬೇಕು, ಅಪ್ಲಿಕೇಶನ್ ನಿಲ್ಲಬಾರದು. ಅದು ಎದ್ದ ಮೇಲೆ ನೀವು ಏನೂ ಮಾಡದೆ ಎಲ್ಲ ದಾರಿಗಳೂ ಮತ್ತೆ ಎನೇಬಲ್ಡ್ ಆಗಬೇಕು. ಒಂದು ದಾರಿ ಉಳಿದರೂ ಹಂತ 5ಕ್ಕೆ ವಾಪಸ್ ಹೋಗಿ, ಎರಡನೇ ವಿಐಒಎಸ್ ಮುಟ್ಟಬೇಡಿ. ಎಲ್ಲವೂ ಬಂದಿದ್ದರೆ ಎರಡನೆಯದನ್ನೂ ಇದೇ ರೀತಿ ಪರೀಕ್ಷಿಸಿ. ನಂತರ ಎಲ್‌ಎಸ್‌ಮ್ಯಾಪ್, ಎಲ್‌ಎಸ್‌ಪಾತ್ ಮತ್ತು ವಿಐಒಎಸ್‌ಬಿಆರ್ ಬ್ಯಾಕಪ್ ಹೊಸದಾಗಿ ತೆಗೆದು ಹಳೆಯ ಫೈಲ್‌ಗಳ ಪಕ್ಕದಲ್ಲಿ ತಾರೀಖು ಹಾಕಿ ಇಡಿ.